ಉಪ್ಪು ಮಾರುವವನ ಓದು

“ಗುರುಗಳೇ, ಮಾಡಿದ ಸಂಕಲ್ಪ ವರ್ಷಪೂರ್ತಿ ನಿಲ್ಲಬೇಕಾದರೆ ಏನು ಮಾಡಬೇಕು?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಯುಗಾದಿಗೆ ಎರಡು ದಿನ ಉಳಿದಿತ್ತು. ಪ್ರತಿ ಯುಗಾದಿಗೂ ಅವನು ಇಂತಿಷ್ಟು ಗ್ರಂಥ ಓದಿ ಮುಗಿಸುತ್ತೇನೆಂದು ಸಂಕಲ್ಪ ಮಾಡುತ್ತಿದ್ದ. ಮುಂಗಾರು ಬರುವಷ್ಟರಲ್ಲಿ ಅದು ಬಿಟ್ಟುಹೋಗುತ್ತಿತ್ತು. ಮೂರು ವರ್ಷ ಹೀಗೇ ಆಗಿತ್ತು.

“ಒಂದು ದಿನವೂ ತಪ್ಪದೆ ನಡೆಸಿದವನೊಬ್ಬನ ವಿಷಯ ಹೇಳುತ್ತೇನೆ, ಕೇಳು” ಎಂದರು ಗುರುಗಳು.

ಒಬ್ಬ ಉಪ್ಪು ಮಾರುವವನಿದ್ದ. ಎತ್ತಿನ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಏಳು ಊರು ಸುತ್ತುತ್ತಿದ್ದ. ಪ್ರತಿ ಊರಿಗೂ ತಿಂಗಳಿಗೊಮ್ಮೆ ಸರದಿ. ಅವನಿಗೆ ಓದು ಬರುತ್ತಿರಲಿಲ್ಲ. ತಂದೆ ಬಿಟ್ಟುಹೋದ ಒಂದು ಗ್ರಂಥ ಮಾತ್ರ ಮನೆಯಲ್ಲಿತ್ತು. ವರ್ಷಕ್ಕೊಮ್ಮೆ ಅದರ ದೂಳು ಕೊಡವಿ, ಕುಂಕುಮ ಹಚ್ಚಿ, ಮತ್ತೆ ಗೂಡಿನಲ್ಲಿಡುತ್ತಿದ್ದ. ನಲವತ್ತು ದಾಟಿದ ಮೇಲೆ ಇದು ಅವನ ಮನಸ್ಸನ್ನು ಕೊರೆಯತೊಡಗಿತು. ಅಕ್ಷರ ಕಲಿಸುವ ಐಗಳೊಬ್ಬರ ಕಾಲು ಹಿಡಿದ. ಮಕ್ಕಳ ಸಾಲಿನಲ್ಲಿ ಕುಳಿತು ಮರಳಿನ ಮೇಲೆ ತಿದ್ದಿದ. ಎರಡು ವರ್ಷಕ್ಕೆ ಕೂಡಿಸಿ ಓದಲು ಬಂತು.

ಆ ಯುಗಾದಿಯಂದು ಅವನು ದೇವರ ಮುಂದೆ ನಿಂತು ಸಂಕಲ್ಪ ಮಾಡಿದ. ಬರುವ ಯುಗಾದಿಯೊಳಗೆ ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಅಲ್ಲಿಯವರೆಗೆ ಬೇರೆ ಯಾವ ಬರಹವನ್ನೂ ಓದುವುದಿಲ್ಲ.

ಹೇಳಿದಂತೆಯೇ ನಡೆದ. ಉಪ್ಪಿನ ಪಸೆ ತಾಗಬಾರದೆಂದು ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಬೆನ್ನಿಗೇ ಕಟ್ಟಿಕೊಂಡ. ಎತ್ತು ನೀರು ಕುಡಿಯುವಷ್ಟು ಹೊತ್ತು ಸಿಕ್ಕರೂ ಬಿಚ್ಚಿ ಓದುತ್ತಿದ್ದ. ಜ್ವರ ಬಂದ ದಿನವೂ ಬಿಡಲಿಲ್ಲ.

ಮಾರ್ಗಶಿರದಲ್ಲಿ ಒಂದು ಊರಿನ ಹೆಂಗಸು ಉಪ್ಪಿಗೆಂದು ಬಂದವಳು ಸೆರಗಿನ ಗಂಟಿನಿಂದ ಮಡಿಸಿದ ಕಾಗದ ತೆಗೆದಳು.

“ಅಣ್ಣಾ, ನೀನು ಓದು ಕಲಿತಿದ್ದೀಯಂತೆ. ತವರಿನ ಕಡೆಯಿಂದ ಯಾತ್ರೆಗೆ ಹೊರಟವರು ಇದನ್ನು ಕೊಟ್ಟುಹೋದರು. ಈ ಊರಲ್ಲಿ ಓದಬಲ್ಲವರು ಶಾನುಭೋಗರು ಒಬ್ಬರೇ. ಅವರಿಗೂ ನಮ್ಮ ಮನೆಗೂ ಮಾತಿಲ್ಲ. ಏನಿದೆ ನೋಡಿ ಹೇಳು.”

ಅವನ ಕೈ ಮುಂದಕ್ಕೆ ಹೋಗಿ ಅಲ್ಲೇ ನಿಂತಿತು. ಎಂಟು ತಿಂಗಳು ತಪ್ಪದೆ ನಡೆಸಿದ್ದು ನೆನಪಾಯಿತು. ಓದುವಾಗ ತೊದಲಿದರೆ ಸುತ್ತ ನಿಂತವರು ನಕ್ಕಾರೆಂಬ ಅಳುಕೂ ಇತ್ತು.

“ಯುಗಾದಿ ಕಳೆಯಲಿ, ತಂಗಿ. ನನಗೊಂದು ವ್ರತವಿದೆ. ಮುಗಿದ ಕೂಡಲೇ ನಾನೇ ಬಂದು ಓದುತ್ತೇನೆ” ಎಂದ.

ವ್ರತವೆಂದ ಮೇಲೆ ಅವಳು ಒತ್ತಾಯಿಸಲಿಲ್ಲ. ಉಪ್ಪು ಅಳೆಸಿಕೊಂಡು ಹೋದಳು. ಪುಷ್ಯದಲ್ಲಿ ಅವನು ಬಂದಾಗ, ಇನ್ನೆಷ್ಟು ದಿನವಿದೆ ಎಂದು ಕೇಳಿದಳು. ಮಾಘದಲ್ಲೂ ಫಾಲ್ಗುಣದಲ್ಲೂ ಬಂದಾಗ ಏನೂ ಕೇಳಲಿಲ್ಲ. ಬೇರೆ ಯಾರೋ ಓದಿ ಹೇಳಿರಬೇಕೆಂದು ಅವನು ಸಮಾಧಾನ ಮಾಡಿಕೊಂಡ.

ಯುಗಾದಿಯ ಹಿಂದಿನ ದಿನ ಗ್ರಂಥ ಮುಗಿಯಿತು. ಹಬ್ಬದ ದಿನ ಐಗಳು ಅವನನ್ನು ಕರೆಸಿ, ಮಕ್ಕಳೆದುರು ಕೂರಿಸಿ, ಶಾಲು ಹೊದಿಸಿದರು. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಮರುದಿನ ಬೆಳಿಗ್ಗೆಯೇ ಆ ಊರಿಗೆ ನಡೆದ. ಉಪ್ಪನ್ನೂ ಒಯ್ಯಲಿಲ್ಲ. ಹೆಂಗಸು ಒಳಗಿನಿಂದ ಕಾಗದ ತಂದುಕೊಟ್ಟಳು. ಅದನ್ನು ಯಾರೂ ಓದಿರಲಿಲ್ಲ. ಅವನು ಜಗಲಿಯಲ್ಲಿ ನಿಂತು, ಒಂದು ಕಡೆಯೂ ತೊದಲದೆ ಓದಿದ.

“ಅವ್ವನಿಗೆ ಏಳಲಾಗುತ್ತಿಲ್ಲ. ನಿನ್ನನ್ನೇ ಕೇಳುತ್ತಾಳೆ. ಸಂಕ್ರಾಂತಿಯೊಳಗೆ ಒಮ್ಮೆ ಬಂದು ಹೋಗು.”

“ಇಷ್ಟೇನಾ?”

“ಇಷ್ಟೇ.”

ಅವಳು ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡಳು.

“ಅವ್ವ ಹೋದಳೆಂದು ಮಾಘದಲ್ಲಿ ಸುದ್ದಿ ಬಂತು. ಕರೆದಿದ್ದಳೆಂದು ಗೊತ್ತಿರಲಿಲ್ಲ.”

ಬೈಯಲಿಲ್ಲ, ಅಳಲಿಲ್ಲ. ದೂರದಿಂದ ನಡೆದು ಬಂದವನೆಂದು ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಅವನು ಅದನ್ನು ಕುಡಿಯದೆ ಹೊರಟ.

ಅಂದಿನಿಂದ ಯಾವ ಊರು ಹೊಕ್ಕರೂ, ಮೂಟೆ ಬಿಚ್ಚುವ ಮುಂಚೆ, “ಓದಿ ಹೇಳುವುದು ಏನಾದರೂ ಇದೆಯಾ?” ಎಂದು ಬೀದಿಯುದ್ದಕ್ಕೂ ಕೇಳಿಕೊಂಡು ಹೋಗುತ್ತಿದ್ದ. ಕೈಬರಹ ಕೆಟ್ಟದಾಗಿದ್ದರೆ ತೊದಲುತ್ತಿದ್ದ. ಜನ ನಗುತ್ತಿದ್ದರು. ನಗು ನಿಂತ ಮೇಲೆ ಮುಂದಿನ ಸಾಲು ಓದುತ್ತಿದ್ದ. ಆ ಹೆಂಗಸಿನ ಮನೆಯ ಮುಂದೆ ಹಾಯುವಾಗ ಮಾತ್ರ ಅವನ ದನಿ ಏಳುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮನಸ್ಸು ಇನ್ನೂ ಆ ತಪ್ಪದ ವ್ರತದ ಮೇಲೇ ಇತ್ತು.

“ಗುರುಗಳೇ, ಒಂದೇ ವರ್ಷದಲ್ಲಿ ಅವನು ಓದಿ ಮುಗಿಸಿದ ಆ ಗ್ರಂಥ ಯಾವುದು?” ಎಂದು ಕೇಳಿದ.

ಗುರುಗಳು ಹೇಳಿದರು: “ಅದು ಯಾವುದೆಂದು ಆ ಹೆಂಗಸು ಕೇಳಲಿಲ್ಲ.”