ಹಂಡೆಯ ಒಲೆಯ ಕೆಂಡ

ಬಚ್ಚಲಿನ ಮೂಲೆಯಲ್ಲಿ ತಣ್ಣೀರು ತುಂಬಿಕೊಂಡು ಕೂತಿದ್ದ ತಾಮ್ರದ ಹಂಡೆಗೆ ಗೋಡೆಯ ಮೇಲಿನ ಗ್ಯಾಸ್ ಬಾಯ್ಲರಿನ ಮಾತು ದಿನವೂ ಕೇಳಿಸುತ್ತಿತ್ತು. ಬಾಯ್ಲರ್ ತನ್ನೊಳಗೆ ಸದಾ ಉರಿಯುತ್ತಿದ್ದ ಸಣ್ಣ ಉರಿಯನ್ನು ಹಂಗಿಸುತ್ತಿತ್ತು: "ನಿನ್ನಿಂದ ಒಂದು ಚೊಂಬು ನೀರೂ ಕಾಯುವುದಿಲ್ಲ."

ಒಂದು ಬೆಳಗ್ಗೆ ಕಿಟಕಿಯಿಂದ ಗಾಳಿ ನುಗ್ಗಿತು. "ಅಣ್ಣಾ, ನಿನ್ನ ಪುಟ್ಟ ಬಾಗಿಲು ಮುಚ್ಚಿಕೋ, ತಡೆಯಲಾಗುತ್ತಿಲ್ಲ" ಎಂದಿತು ಸಣ್ಣ ಉರಿ. ಬಾಯ್ಲರ್ ಕಿವಿಗೊಡಲಿಲ್ಲ. ಉರಿ ಆರಿತು.

ಮೊಮ್ಮಗುವಿಗೆ ಎರೆಯಲು ಬಂದ ಪಂಕಜಮ್ಮ ನಲ್ಲಿ ತಿರುಗಿಸಿದರೆ ಬಂದದ್ದು ತಣ್ಣೀರು. ಕೂಸು ನಡುಗುತ್ತಾ ಅತ್ತಿತು. "ಸ್ವಲ್ಪ ತಾಳು ಕಂದ" ಎನ್ನುತ್ತಾ ಅವರು ಬೆಂಕಿಪೊಟ್ಟಣಕ್ಕೆ ಓಡಿದರು.

"ಗ್ಯಾಸಿದೆ, ನೀರಿದೆ, ನಾನೇಕೆ ಹೊತ್ತಿಕೊಳ್ಳುತ್ತಿಲ್ಲ?" ಬಾಯ್ಲರ್ ಕಂಗಾಲಾಯಿತು.

ಹಂಡೆ ಹೇಳಿತು: "ನನ್ನ ಒಲೆಯಲ್ಲೂ ಒಂದು ಕೆಂಡವಿತ್ತಪ್ಪ. ಪಂಕಜಮ್ಮನ ಅತ್ತೆ ಅದಕ್ಕೆ ಬೂದಿ ಹೊದಿಸಿ, 'ಬೆಳಗಿನವರೆಗೆ ಇರವ್ವ' ಎನ್ನುತ್ತಿದ್ದರು. ಮರುದಿನದ ಬೆಂಕಿಯೆಲ್ಲ ಅದರಿಂದಲೇ. ಆಕೆ ಹೋದ ಮೇಲೆ ಹೊದಿಸುವವರಿಲ್ಲದೆ ಕೆಂಡ ಆರಿತು. ನಾನೂ ತಣ್ಣಗಾದೆ."

ಪಂಕಜಮ್ಮ ಬಂದು ಕಡ್ಡಿ ಗೀರಿ, ಅಂಗೈ ಮರೆಮಾಡಿ ಸಣ್ಣ ಉರಿಯನ್ನು ಹೊತ್ತಿಸಿದರು. ಅದರಿಂದ ಬಾಯ್ಲರಿನ ದೊಡ್ಡ ಉರಿ ಹೊತ್ತಿಕೊಂಡಿತು; ನೀರು ಕಾಯಿತು, ಕೂಸಿನ ಅಳು ನಿಂತಿತು. ಬಾಯ್ಲರ್ ಬಾಗಿಲು ಮುಚ್ಚಿಕೊಂಡು ಮೆಲ್ಲಗೆ ಕೇಳಿತು: "ಈಗ ಗಾಳಿ ತಾಗುತ್ತಿಲ್ಲ ತಾನೇ, ತಮ್ಮಾ?"

ಅಂಥ ಮಾತು ಕೇಳಿ ಹಂಡೆಗೆ ಬಹಳ ವರ್ಷವಾಗಿತ್ತು.