ಕಾಗೆ ಮುಟ್ಟುವ ತನಕ

ನಗುವ ಕತೆ ಹೇಳು ಅಂತ ಕೇಳಿದಿರಿ, ಹೇಳುತ್ತೇನೆ. ಪೆದ್ದನ ಕತೆಗೆ ನಗದೆ ಇನ್ನಾವುದಕ್ಕೆ ನಗುವುದು? ನಗು ಬಂದ ಕಡೆ ನಗಿ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ, ಅದು ನಿಮಗೇ ತಿಳಿಯುತ್ತದೆ.

ಒಂದೂರಿನಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಯ ಹೆಸರು ಚೌಡಮ್ಮ. ಸಂತೆಬೀದಿಯಲ್ಲಿ ಪುರಿ ಹುರಿಯುವ ಬಟ್ಟಿ ಇಟ್ಟುಕೊಂಡು ಬದುಕುತ್ತಿದ್ದಳು. ಮಗನ ಹೆಸರು ಬೋರಲಿಂಗ. ಊರಿಗೆಲ್ಲ ಅವನು ಬರೀ ಬೋರ. ಮೀಸೆ ಬಂದು ಎಷ್ಟೋ ಕಾಲವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ಕಾಯಿಲೆ. ಬಟ್ಟಿ ಆರದ ಹಾಗೆ ನೋಡಿಕೋ ಅಂದರೆ, ಪುರಿ ಮುಗಿದ ಮೇಲೂ ಬೆಂಕಿ ಹಾಕುವನು, ಸೌದೆ ಮುಗಿದ ಮೇಲೆ ಕೂರುವ ಮಣೆಯನ್ನೂ ಮುರಿದು ಹಾಕುವನು.

"ಅಯ್ಯೋ ನನ್ನ ಕರ್ಮವೇ, ಯಾಕೋ ಮಣೆ ಸುಟ್ಟೆ?" ಅಂದರೆ, "ನೀನೇ ಅಲ್ವೇನವ್ವ ಹೇಳಿದ್ದು?" ಅನ್ನುವನು.

ಹೇಳಿದ್ದು ತಾನೇ. ಚೌಡಮ್ಮ ಏನು ತಾನೇ ಮಾಡಿಯಾಳು?

ಬಟ್ಟಿಯ ಮುಂದೆ ಕೂತೂ ಕೂತೂ ಚೌಡಮ್ಮನ ಮೈ ಬೆಳೆದಿತ್ತು, ಮೈ ಬೆಳೆದಂತೆ ಸಕ್ಕರೆ ಕಾಯಿಲೆಯೂ ಬೆಳೆದಿತ್ತು. ಡಾಕ್ಟರು ಕಾಲಿನ ಹುಣ್ಣು ನೋಡಿ, "ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲಮ್ಮ" ಅಂದುಬಿಟ್ಟರು. ಸಾವಿಗೆ ಹೆದರುವ ಹೆಂಗಸಲ್ಲ ಅವಳು. ಆದರೆ ತಾನು ಹೋದರೆ ಬೋರನಿಗೆ ಊಟಕ್ಕೆ ಬಾ ಅಂತ ಕರೆಯುವವರು ಯಾರು? ಕರೆಯದಿದ್ದರೆ ಅವನು ಬರುವವನೂ ಅಲ್ಲ. ದೇವರ ಮುಂದೆ ದಿನಾ ಒಂದೇ ಬೇಡಿಕೆ: "ಅವನಿಗಿಂತ ಒಂದು ದಿನ ಹೆಚ್ಚಿಗೆ ಬದುಕಿಸಪ್ಪ, ಸಾಕು."

ಹಾಗಾಗಿ ಡಾಕ್ಟರು ಹೇಳಿದಂತೆ ವಾರಕ್ಕೊಮ್ಮೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು, ದಿನಾ ಊಟಕ್ಕೆ ಮುಂಚೆ ಮಾತ್ರೆ ನುಂಗಿದಳು. ಹಸಿವು ಸತ್ತಿತು, ಮೈ ಇಳಿಯಿತು, ಕುಪ್ಪಸ ಜೋಲುಬಿತ್ತು. ಅದರ ಜೊತೆಗೆ ತಲೆಸುತ್ತು ಬಂತು. ಕೂತವಳು ಎದ್ದರೆ ಕಣ್ಣು ಕತ್ತಲೆ, ಊಟ ಸ್ವಲ್ಪ ತಡವಾದರೆ ಕೈ ನಡುಕ, ಮೈಯೆಲ್ಲ ತಣ್ಣನೆ ಬೆವರು.

ಒಂದು ದಿನ ಬಟ್ಟಿಯ ಮುಂದಿನಿಂದ ಎದ್ದವಳು ದೊಪ್ಪನೆ ಬಿದ್ದಳು. ಬೋರ ಜರಡಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದ.

"ಕಲ್ಲು ನಿಂತ ಹಾಗೆ ನಿಂತಿದ್ದೀಯಲ್ಲೋ. ಬೆಂಕಿಗೆ ಬಿದ್ದಿದ್ದರೆ ಏನೋ ಗತಿ?"

"ಏನ್ ಮಾಡಬೇಕಿತ್ತವ್ವ?"

"ನನಗೆ ತಲೆ ಸುತ್ತಿದರೆ ರಟ್ಟೆ ಹಿಡಿದು ಎತ್ತಿ ನಿಲ್ಲಿಸಬೇಕು ಕಣೋ."

"ಆಗಲಿ ಕಣವ್ವ" ಅಂದ ಬೋರ.

ಮುಂದಿನ ವಾರ ಆಸ್ಪತ್ರೆಯಲ್ಲಿ ಸಾಲು ನಿಂತಿದ್ದಾಗ ಚೌಡಮ್ಮನಿಗೆ ತಲೆ ಸುತ್ತಿತು. ಬುದ್ಧಿವಂತೆ, ತಾನೇ ಗೋಡೆಗೆ ಒರಗಿ ಕೂತಳು. ಬೋರ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ. ಅವಳು ಕೂತಳು. ಅವನು ಎತ್ತಿದ. ಮತ್ತೆ ಕುಸಿದಳು, ಮತ್ತೆ ಎತ್ತಿದ. ಬಾವಿಯಿಂದ ನೀರು ಸೇದುವವನ ಹಾಗೆ ಎತ್ತಿದ, ಬಿಟ್ಟ, ಎತ್ತಿದ. ಕೊನೆಗೆ ಅವಳು ಅವನ ಕೈಯಲ್ಲೇ ಜ್ಞಾನ ತಪ್ಪಿ ಜೋತುಬಿದ್ದಳು.

ನರ್ಸಮ್ಮ ಓಡಿಬಂದಳು. "ನಿಂತರೆ ತಲೆಗೆ ರಕ್ತ ಹತ್ತುತ್ತದೇನೋ, ದಡ್ಡ? ತಲೆ ಸುತ್ತಿದವರನ್ನ ಮಲಗಿಸಬೇಕು. ಮಲಗಿಸಿ ಕಾಲು ಎತ್ತಿ ಹಿಡಿಬೇಕು."

ಡಾಕ್ಟರು ಚೌಡಮ್ಮನಿಗೂ ಹೇಳಿದರು. ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸಬಾರದು, ಉಪವಾಸವಿದ್ದ ದಿನ ಆ ಮಾತ್ರೆ ನುಂಗಲೇಬಾರದು, ಎದ್ದೇಳುವಾಗ ನಿಧಾನವಾಗಿ ಏಳಬೇಕು. ಹೀಗೇ ತಲೆ ಸುತ್ತುತ್ತಿದ್ದರೆ ಬನ್ನಿ, ಮಾತ್ರೆ ಕಮ್ಮಿ ಮಾಡೋಣ ಅಂದರು. ಚೌಡಮ್ಮ ಹೂಂ ಅಂದಳು, ಮತ್ತೆ ಹೋಗಲಿಲ್ಲ. ಮಾತ್ರೆ ಕಮ್ಮಿಯಾದರೆ ಆಯಸ್ಸೂ ಕಮ್ಮಿಯಾಗುತ್ತದೆ ಅಂತ ಅವಳ ಲೆಕ್ಕ. ಮಗನ ಪೆದ್ದತನ ಯಾವ ಕಡೆಯಿಂದ ಬಂತು ಅಂತ ನೀವೇ ಯೋಚಿಸಿ.

ಸಂತೆಯ ದಿನ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ರಸ್ತೆ. ಅರ್ಧ ದಾಟಿದ್ದಾಗ ಚೌಡಮ್ಮ ಸ್ವಲ್ಪ ತೂರಾಡಿ, "ಯಾಕೋ ತಲೆ ಸುತ್ತುತ್ತಾ ಇದೆ ಕಣೋ" ಅಂದಳು. ಅಂದದ್ದೇ ತಡ, ಬೋರ ಅವಳನ್ನು ಅಲ್ಲೇ ನಡುರಸ್ತೆಯಲ್ಲಿ ಮಲಗಿಸಿ ಎರಡು ಕಾಲನ್ನೂ ಮೇಲೆತ್ತಿ ಹಿಡಿದ. ಸೀರೆ ಮಂಡಿಗೆ ಜಾರಿತು. ಸಂತೆಗೆ ಸಂತೆಯೇ ನೋಡಿ ಹೋ ಎಂದಿತು. ಟ್ರ್ಯಾಕ್ಟರಿನವನು ಬ್ರೇಕು ಒತ್ತಿದ, ಕಬ್ಬಿನ ಜಲ್ಲೆಗಳು ಅವರ ಸುತ್ತ ಉದುರಿದವು. ಚೌಡಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಮಾನ ಕಳೆದೆಯಲ್ಲೋ. ಪ್ರಾಣವೂ ಹೋಗುತ್ತಿತ್ತು."

"ನರ್ಸಮ್ಮನೇ ಅಲ್ವೇನವ್ವ ಹೇಳಿದ್ದು?"

"ನರ್ಸಮ್ಮನ ಮಾತು ಬಿಡು, ನನ್ನ ಮಾತು ಕೇಳು. ಎತ್ತಬೇಡ, ಮಲಗಿಸಬೇಡ. ನಾನು ತೂಗಾಡೋದು ಕಂಡರೆ ಬಾಯಿಗೆ ಸಿಹಿ ಹಾಕು. ಬೆಲ್ಲವೋ ಕಜ್ಜಾಯವೋ, ಕೈಗೆ ಮೊದಲು ಸಿಕ್ಕಿದ್ದು. ಯಾರನ್ನೂ ಕೇಳುತ್ತಾ ನಿಂತುಕೋಬೇಡ."

ಅವತ್ತಿನಿಂದ ಬೋರನ ಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲದುಂಡೆ ಬಂತು. ಒಳ್ಳೆಯ ಮಾತೇ ಹೇಳಿದ್ದಳು ಚೌಡಮ್ಮ, ಮಾತ್ರೆಗೆ ಸಕ್ಕರೆ ತೀರಾ ಇಳಿದಾಗ ಸಿಹಿಯೇ ಮದ್ದು. ಆ ಒಂದು ಮಾತು ಉಳಿದಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಚೌಡಮ್ಮನ ಅಣ್ಣ ಜವರಪ್ಪ ತೀರಿಕೊಂಡ. ಪಕ್ಕದ ಬೀದಿಯಲ್ಲೇ ಅವನ ಮನೆ. ಹನ್ನೊಂದನೆಯ ದಿನ ಅವನ ಪಟದ ಮುಂದೆ ಎಡೆ ಇಟ್ಟಿದ್ದರು: ಅನ್ನ, ಸಾರು, ವಡೆ, ಕಜ್ಜಾಯ. ಅದರಲ್ಲಿ ಒಂದು ಪಾಲನ್ನು ಹೊರಗಿಟ್ಟು, ಕಾಗೆ ಬಂದು ಮುಟ್ಟಿದ ಮೇಲೆಯೇ ಮನೆಯವರು ಬಾಯಿಗೆ ಏನಾದರೂ ಹಾಕುವುದು. ಕಾಗೆ ಮುಟ್ಟಿದರೆ ಸತ್ತವರು ಉಂಡ ಹಾಗೆ.

ಚೌಡಮ್ಮ ಪಟದ ಮುಂದೆ ಕೂತು, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಾ, "ನನ್ನ ಬಿಟ್ಟು ಹೋದೆಯಲ್ಲೋ ಅಣ್ಣಯ್ಯಾ" ಅಂತ ರಾಗ ತೆಗೆದು ಅಳುತ್ತಿದ್ದಳು. ಬೋರ ಕಂಡ. ಅವ್ವ ತೂಗಾಡುತ್ತಿದ್ದಾಳೆ. ಕೈಗೆ ಮೊದಲು ಸಿಕ್ಕಿದ್ದು ಎಡೆಯ ಮೇಲಿನ ಕಜ್ಜಾಯ. ಎತ್ತಿ, ಅವಳು ಅಣ್ಣಯ್ಯಾ ಅಂತ ತೆರೆದ ಬಾಯಿಗೆ ಹಾಗೇ ತುರುಕಿದ. ರಾಗ ಅಲ್ಲಿಗೆ ನಿಂತಿತು.

ಅತ್ತಿಗೆ ಸಣ್ಣತಾಯಿ ಎದ್ದು ನಿಂತಳು. ಬಾಯಿ ಜೋರಿನ ಹೆಂಗಸು, ಗಂಡನನ್ನು ಕಳಕೊಂಡ ಸಂಕಟ ಬೇರೆ.

"ಕಾಗೆ ಮುಟ್ಟೋಕೆ ಮುಂಚೆ ತಂಗಿ ಮುಟ್ಟಿದಳು. ನನ್ನ ಗಂಡ ಎಂಜಲು ಉಂಡು ಹೋಗಬೇಕಾಯ್ತಲ್ಲ, ತಾಯೀ. ಹಸಿವು ತಡೆಯೋಕೆ ಆಗದವರು ಮನೇಲೇ ಉಂಡು ಬರಬೇಕಿತ್ತು."

ನೆಂಟರೆಲ್ಲ ನೋಡಿದರು. ಬಾಯಿತುಂಬ ಕಜ್ಜಾಯ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಚೌಡಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ ಮಗನ ಬೆನ್ನಿಗೆ ಗುದ್ದಿದಳು, ಗುದ್ದಿ ತಾನೇ ಅತ್ತಳು.

"ಇನ್ನು ಮೇಲೆ ಕಾಗೆ ಮುಟ್ಟೋ ತನಕ ನನ್ನ ಬಾಯಿಗೆ ಏನೂ ಹಾಕಬೇಡ. ಕೇಳಿಸಿತಾ? ನಾನೇ ಬೇಡಿದರೂ ಹಾಕಬೇಡ. ಮೊದಲು ಕಾಗೆ, ಆಮೇಲೆ ನಾನು."

"ಮೊದಲು ಕಾಗೆ, ಆಮೇಲೆ ಅವ್ವ" ಅಂದ ಬೋರ, ಬೆನ್ನು ಸವರಿಕೊಳ್ಳುತ್ತಾ.

ಎಡೆಯಿಟ್ಟ ದಿನಕ್ಕೆ ಹೇಳಿದ ಮಾತು. ಬೋರನಿಗೆ ಎಲ್ಲಾ ದಿನವೂ ಒಂದೇ. ಮಾರನೆಯ ಬೆಳಿಗ್ಗೆ ಚೌಡಮ್ಮ ತೂಗಾಡಿದಾಗ ಅವನು ಬೆಲ್ಲ ಚೂರು ಮಾಡಿ ಮೊದಲು ಬೀದಿಗೆ ಎಸೆದ. ಪುರಿ ಬಟ್ಟಿಯ ಮುಂದೆ ಕಾಗೆಗೇನು ಬರ? ಕಾ ಅನ್ನುವ ಮೊದಲೇ ಬಂದು ಕಚ್ಚಿಕೊಂಡು ಹೋಯಿತು. ಆಮೇಲೆ ಅವ್ವನ ಬಾಯಿಗೆ ಹಾಕಿದ. ಚೌಡಮ್ಮನಿಗೆ ನಗು ಬಂತು. ಬೆಲ್ಲ ಸಿಕ್ಕಿತಲ್ಲ, ಕಾಗೆಗೂ ಪುಣ್ಯ ಬರಲಿ ಅಂದುಕೊಂಡು ತಿದ್ದದೆ ಬಿಟ್ಟಳು. ಅವತ್ತೇ ತಿದ್ದಬೇಕಿತ್ತು. ಬಟ್ಟಿಯ ಕೆಲಸ, ಮರೆತಳು.

ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ಸಣ್ಣತಾಯಿ ಗಂಡನಿಗೆ ಎಡೆ ಇಡಬೇಕು, ನಾದಿನಿಯನ್ನು ಕರೆಯದೆ ಆಗುವುದಿಲ್ಲ, ಕರೆದಳು. ಚೌಡಮ್ಮ ಬೆಳಿಗ್ಗೆಯಿಂದ ಉಪವಾಸವಿದ್ದು ಹೋದಳು. ಈ ಸಲ ಯಾರೂ ಬೆರಳು ತೋರಿಸಬಾರದು ಅನ್ನುವ ಹಟ. ಉಪವಾಸದ ದಿನ ಮಾತ್ರೆ ಬೇಡ ಅಂದಿದ್ದರು ಡಾಕ್ಟರು. ಆದರೆ ಅಡುಗೆಮನೆಯಿಂದ ಕಜ್ಜಾಯದ ವಾಸನೆ ಬಂತು, ಎಡೆಯನ್ನು ಮಾಳಿಗೆಗೆ ಒಯ್ದರು, ಇನ್ನೇನು ಎಲೆ ಹಾಕುತ್ತಾರೆ. ಸೆರಗಿನ ಗಂಟು ಬಿಚ್ಚಿ ಮಾತ್ರೆ ನುಂಗಿಬಿಟ್ಟಳು.

ಕಾಗೆ ಬರಲಿಲ್ಲ.

ಹೇಗೆ ಬರುತ್ತದೆ ಹೇಳಿ? ಅವತ್ತು ಊರಿನ ಮನೆಮನೆಯಲ್ಲೂ ಎಡೆ. ಬೆಳಿಗ್ಗೆಯಿಂದ ವಡೆ ತಿಂದು ತಿಂದು ಊರಿನ ಕಾಗೆಗಳೆಲ್ಲ ಹೊಟ್ಟೆ ಬಿರಿದು ಎಲ್ಲೋ ಮರದ ಮೇಲೆ ಕೂತಿದ್ದವು. ಮನೆಯವರೆಲ್ಲ ಮಾಳಿಗೆ ಹತ್ತಿ ಕಾ ಕಾ ಅಂತ ಕೂಗಿದರು. ಜವರಪ್ಪನಿಗೇನೋ ಬೇಸರವಿದೆ ಅಂದರು. ಯಾರ ಮೇಲೆ ಬೇಸರ ಅಂತ ಸಣ್ಣತಾಯಿ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು.

ಕೆಳಗೆ ನಡುಮನೆಯಲ್ಲಿ ಚೌಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬೋರ. ಮೊದಲು ಕೈ ನಡುಗಿತು. ಆಮೇಲೆ ಬೆವರು ಬಂತು, ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು. ಎದುರಿನ ಕಂಬ ಒಂದಿದ್ದದ್ದು ಎರಡಾಯಿತು. ಯಾರನ್ನಾದರೂ ಕೂಗಿ ಒಂದು ತುತ್ತು ಕೇಳಬಹುದಿತ್ತು. ಹಸಿವು ತಡೆಯೋಕೆ ಆಗದವಳು ಅನ್ನುವ ಮಾತು ಇನ್ನೂ ಕಿವಿಯಲ್ಲಿತ್ತು, ಕೂಗಲಿಲ್ಲ. ಮಗನ ಕಡೆ ತಿರುಗಿದಳು.

"ಬೋರ, ಬೆಲ್ಲ ಕೊಡು ಮಗ."

"ಕಾಗೆ ಮುಟ್ಟಿಲ್ಲ ಕಣವ್ವ."

"ಮುಟ್ಟದಿದ್ದರೂ ಚಿಂತೆಯಿಲ್ಲ, ಕೊಡೋ."

"ನಾನೇ ಬೇಡಿದರೂ ಹಾಕಬೇಡ ಅಂದಿದ್ದೀಯ."

ಚೌಡಮ್ಮ ಅವನ ಜೇಬಿಗೆ ಕೈಹಾಕಿದಳು. ಬೋರ ಆ ಕೈಯನ್ನು ಮೆತ್ತಗೆ ಹಿಡಿದು ಅವಳ ಮಡಿಲಿಗೆ ಇಟ್ಟ. ಈ ಸಲ ತಪ್ಪು ಮಾಡಬಾರದು ಅಂತ ಅವನಿಗೂ ಹಟವಿತ್ತು. ಅವಳಿಗೆ ಬೈಯಬೇಕೆನ್ನಿಸಿತು, ಬೇರೆ ಮಾತು ಹೇಳಿ ಹಳೆಯ ಮಾತು ಅಳಿಸಬೇಕೆನ್ನಿಸಿತು, ನಾಲಿಗೆ ತಿರುಗಲಿಲ್ಲ. ಇವನು ಮಾಡಿದ್ದೆಲ್ಲ ನಾನೇ ಹೇಳಿಕೊಟ್ಟದ್ದು ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಅವನ ಮೇಲೆ ಸಿಟ್ಟು ಬರಲಿಲ್ಲ. ಇವನನ್ನು ಯಾರಿಗೆ ಬಿಟ್ಟು ಹೋಗಲಿ ಅಂತ ಅವನ ಮುಖವನ್ನೇ ನೋಡಿದಳು.

ಅವ್ವನ ಮುಖ ಬಿಳಿಚಿದ್ದು ಬೋರನಿಗೂ ಕಂಡಿತು. ಅವನಿಗೂ ಜೀವ ಮಿಡುಕಿತು. ಯೋಚಿಸಿದ. ಅವನು ತಾನಾಗಿ ಯೋಚಿಸಿದ್ದು ಬಹುಶಃ ಅದೇ ಮೊದಲು.

"ಇರವ್ವ, ಕಾಗೇನ ನಾನೇ ಕರೀತೀನಿ" ಅಂತ ಎದ್ದು ಹಿತ್ತಲಿಗೆ ಓಡಿದ.

ಚೌಡಮ್ಮ ತಾನೇ ಅಡುಗೆಮನೆಗೆ ಹೋಗೋಣ ಅಂತ ಗೋಡೆ ಹಿಡಿದು ಎದ್ದಳು. ನಿಧಾನವಾಗಿ ಏಳಬೇಕೆಂದು ನೆನಪಿರಲಿಲ್ಲ. ಕಣ್ಣು ಕತ್ತಲಾಯಿತು. ಬಿದ್ದದ್ದು ಗೋಡೆ ಬದಿಯಲ್ಲಿದ್ದ ಒರಳುಕಲ್ಲಿನ ಮೇಲೆ, ತಲೆ ಮುಂದಾಗಿ. ಮಾಳಿಗೆಯ ಮೇಲೆ ಕಾ ಕಾ ಅನ್ನುತ್ತಿದ್ದವರಿಗೆ ಆ ಸದ್ದು ಕೇಳಲಿಲ್ಲ.

ಹಿತ್ತಲಿನಲ್ಲಿ ಬೋರ ಬೆಲ್ಲದುಂಡೆಯನ್ನು ಕಾಗದದಿಂದ ಬಿಡಿಸಿ, ಬೇಲಿಯ ಗೂಟದ ಮೇಲೆ ಇಟ್ಟು, ಕೈಮುಗಿದು ನಿಂತ. "ಬಾ ಮಾವ, ನಮ್ಮವ್ವನಿಗೆ ಹೊತ್ತಾಯ್ತು" ಅಂದ. ಎಷ್ಟೋ ಹೊತ್ತಿಗೆ ಒಂದು ಕಾಗೆ ಬಂತು. ಕೊರಳು ಓರೆ ಮಾಡಿ ನೋಡಿತು, ಇಡೀ ಉಂಡೆಯನ್ನು ಕಚ್ಚಿಕೊಂಡು ಹಾರಿಹೋಯಿತು.

ಬೋರ ಕುಣಿಯುತ್ತಾ ಒಳಗೆ ಬಂದ. "ಅವ್ವ, ಮುಟ್ಟಿತು ಕಣವ್ವ. ಕಾಗೆ ಮುಟ್ಟಿತು. ಈಗ ತಿನ್ನು." ಜೇಬು ತಡವಿದ, ಬೆಲ್ಲ ಇರಲಿಲ್ಲ. ಅಡುಗೆಮನೆಗೆ ಓಡಿ ಕಜ್ಜಾಯ ತಂದ. ನೆಲದ ಮೇಲಿದ್ದ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಣ್ಣ ಸಣ್ಣ ಚೂರು ಮಾಡಿ ಬಾಯಿಗೆ ಹಾಕಿದ. ಒಂದು ಚೂರು ಹೊರಗೆ ಬಿತ್ತು, ಇನ್ನೊಂದು ಹಾಕಿದ. ಅದೂ ಬಿತ್ತು.

ಮಾಳಿಗೆಯಿಂದ ಇಳಿದು ಬಂದ ಸಣ್ಣತಾಯಿ ನೋಡಿ ಚೀರಿದಳು, ಎದೆ ಎದೆ ಬಡಿದುಕೊಂಡಳು. ನೆಂಟರು ಬಂದು ಬೋರನ ರಟ್ಟೆ ಹಿಡಿದು ಏಳಪ್ಪ ಅಂದರು. ಅವನು ಏಳಲಿಲ್ಲ. ಎಲ್ಲೋ ತಪ್ಪಾಗಿದೆ ಅನ್ನುವುದು ಅವನಿಗೂ ತಿಳಿದಿತ್ತು. ತಪ್ಪಾದರೆ ಅವ್ವ ಬೈಯುತ್ತಾಳೆ, ಬೈದು ಮುಂದಿನ ಸಲ ಏನು ಮಾಡಬೇಕು ಅಂತ ಹೇಳುತ್ತಾಳೆ. ಅದನ್ನು ಕೇಳಿಸಿಕೊಂಡು ಎದ್ದರಾಯಿತು ಅಂತ, ಅವಳ ಬಾಯಿಗೆ ಕಿವಿ ಹತ್ತಿರ ಹಿಡಿದುಕೊಂಡು ಕೂತಿದ್ದ.