ತೊಳೆದಿಟ್ಟ ಬುಟ್ಟಿ

"ಗುರುಗಳೇ, ನಾಲ್ಕು ಜನಕ್ಕೆ ಒಳ್ಳೆಯದನ್ನು ಹೇಳಿಕೊಡಲು ಹೊರಟವನು ಅವರನ್ನು ನಂಬಬೇಕೋ, ಅನುಮಾನದಿಂದ ನೋಡಬೇಕೋ?" ಎಂದು ಶಿಷ್ಯ ಕೇಳಿದ.

ಇಂಥ ಪ್ರಶ್ನೆ ಎಂದರೆ ಗುರುಗಳಿಗೆ ಹಬ್ಬ. "ಕೂತುಕೊಳ್ಳಪ್ಪ. ಇದಕ್ಕೊಂದು ಕಸದ ಕತೆ ಇದೆ" ಎಂದು ಶುರುಮಾಡಿದರು.

ಒಬ್ಬ ಹುಡುಗಿ ಪರಿಸರ ವಿಜ್ಞಾನದಲ್ಲಿ ಪದವಿ ಮುಗಿಸಿದಳು. ಒಂದು ಸಂಸ್ಥೆ ಅವಳನ್ನು ಮೂರು ತಿಂಗಳ ಮಟ್ಟಿಗೆ ಕೆಲಸಕ್ಕೆ ತೆಗೆದುಕೊಂಡಿತು. ಒಂದು ಬೀದಿಯನ್ನು ತೋರಿಸಿ, "ಇಲ್ಲಿನ ನಲವತ್ತು ಮನೆಯವರೂ ಹಸಿಕಸ, ಒಣಕಸ ಬೇರೆ ಮಾಡಿ ಕೊಡುವಂತಾದರೆ ನಿನ್ನ ಕೆಲಸ ಕಾಯಂ" ಎಂದಿತು.

ಹುಡುಗಿ ದಿನಾ ಬೆಳಿಗ್ಗೆ ಕಸದ ಗಾಡಿಯ ಜೊತೆ ಹೋಗುವಳು. ಒಂದೊಂದು ಬುಟ್ಟಿಯನ್ನೂ ಬಗ್ಗಿ ನೋಡುವಳು, ಪುಸ್ತಕದಲ್ಲಿ ಗುರುತು ಹಾಕುವಳು. ಬರೆದುಕೊಳ್ಳುವವರನ್ನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಕಂದಾಯ ಏರಿಸಲು ಬಂದವಳು ಎಂದರು ಕೆಲವರು. ಬುಟ್ಟಿಯಲ್ಲಿ ಕೋಳಿಮೂಳೆ ಕಂಡರೆ ರೇಷನ್ ಕಾರ್ಡು ರದ್ದಂತೆ ಎಂದರು ಇನ್ನು ಕೆಲವರು. ಒಂದು ವಾರ ಆ ಬೀದಿಗೆ ಕೋಳಿಯೇ ಬರಲಿಲ್ಲ. ಆಮೇಲೆ ನಾಲಿಗೆ ತಡೆಯದೆ ತಂದವರು ಮೂಳೆಯನ್ನು ಪಕ್ಕದ ಬೀದಿಗೆ ಒಯ್ದು ಎಸೆದರು.

ಜನ ಅವಳನ್ನು ನಂಬಲಿಲ್ಲ, ಅವಳು ಜನರನ್ನು ನಂಬಲಿಲ್ಲ. ಹಾಗೂ ಹೀಗೂ ಮೂವತ್ತೊಂಬತ್ತು ಮನೆ ದಾರಿಗೆ ಬಂದವು.

ಉಳಿದದ್ದು ಒಂದು. ಅಲ್ಲಿ ಸೀರೆಗೆ ಫಾಲ್ಸ್ ಹೊಲಿಯುವ ಒಬ್ಬ ಹೆಂಗಸಿದ್ದಳು. ಒಣಕಸದಲ್ಲಿ ದಿನವೂ ದಾರದ ಚೂರು. ಹಸಿಕಸದ ಬುಟ್ಟಿ ಮಾತ್ರ ತೊಳೆದಿಟ್ಟ ಹಾಗೆ ಖಾಲಿ. ಬೀದಿಯ ಕೊನೆಯಲ್ಲಿ ಮೋರಿ ನಾರುತ್ತಿತ್ತು. ಹುಡುಗಿ ಎರಡನ್ನೂ ಕೂಡಿಸಿ ನೋಡಿದಳು.

ಮೂರು ತಿಂಗಳಿಗೆ ಎರಡೇ ದಿನ ಉಳಿದಿತ್ತು. ಅವಳು ಆ ಬಾಗಿಲಲ್ಲಿ ನಿಂತು, ಅಕ್ಕಪಕ್ಕಕ್ಕೆ ಕೇಳುವಂತೆ, "ಅಕ್ಕ, ಅಡುಗೆ ಮಾಡೋ ಮನೇಲಿ ಒಂದು ಈರುಳ್ಳಿ ಸಿಪ್ಪೆನೂ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಮೋರಿಗೆ ಸುರಿದ್ರೆ ಸೊಳ್ಳೆ ಕಚ್ಚೋದು ನಿಮಗೇ" ಎಂದಳು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕತ್ತು ಚಾಚಿ, "ಹಾಗೆ ಕೇಳಿ ಮೇಡಂ! ನಮ್ಮನೆ ಬುಟ್ಟಿಗಾದ್ರೆ ತಲೇನೇ ತೂರಿಸ್ತಿದ್ರಿ" ಎಂದಳು.

ಹೊಲಿಯುವವಳು ತಲೆ ಎತ್ತಲಿಲ್ಲ. "ನಾಳೆಯಿಂದ ಕೊಡ್ತೀನಮ್ಮ" ಎಂದಳು.

ಮರುದಿನ ಆ ಬುಟ್ಟಿ ತುಂಬಿತ್ತು. ಬಾಳೆಹಣ್ಣಿನ ಸಿಪ್ಪೆ, ಹುರುಳಿಕಾಯಿ ನಾರು, ಕಿತ್ತಳೆ ಸಿಪ್ಪೆ ಕೂಡ. ಹುಡುಗಿ ನಲವತ್ತನೆಯ ಗುರುತು ಹಾಕಿ, ಗಾಡಿ ತಳ್ಳುವ ಹೆಂಗಸಿಗೆ, "ನೋಡಿದ್ರಾ? ಗಟ್ಟಿಯಾಗಿ ಕೇಳಿದ್ರೆ ಎಲ್ಲರೂ ದಾರಿಗೆ ಬರ್ತಾರೆ" ಎಂದಳು.

"ಬರ್ತಾರೆ ತಂಗಿ. ಆ ಸಿಪ್ಪೆ ಮೂಲೆಮನೆಯದು. ಬೆಳಿಗ್ಗೆ ನೀವು ಬೇರೆ ಬುಟ್ಟಿ ನೋಡ್ತಿದ್ದಾಗ ಆ ಹೊಲಿಯೋಳು ನಮ್ಮ ಗಾಡಿ ಹತ್ರ ಬಂದು ಬೇಡಿದ್ಲು, ನಾನೇ ಎತ್ತಿಕೊಟ್ಟೆ. ಎರಡು ಹೊತ್ತೂ ಗಂಜಿ ಕುಡಿಯೋ ಮನೇಲಿ ಸಿಪ್ಪೆ ಎಲ್ಲಿಂದ ಬರತ್ತೆ? ನಾಳೇನೂ ಕೊಡ್ತೀನಿ ಬಿಡಿ, ನೀವು ಬರ್ಕೊಳ್ಳಿ."

ಹುಡುಗಿ ಅಲ್ಲೇ ನಿಂತು ನಲವತ್ತನೆಯ ಗುರುತನ್ನು ಹೊಡೆದುಹಾಕಿದಳು. ಸಂಸ್ಥೆಯವರು, ಬಾಕಿ ಉಳಿದ ಮನೆ ಯಾವುದು, ನೋಟಿಸು ಕೊಡಿಸೋಣ ಎಂದರು. ಮನೆಯದೇನೂ ತಪ್ಪಿಲ್ಲ, ನನಗೇ ಕೆಲಸ ಬರಲಿಲ್ಲ ಎಂದಳು. ಕೆಲಸ ಕಾಯಂ ಆಗಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನ ಹುಬ್ಬು ಗಂಟಿಕ್ಕಿತು.

"ಗುರುಗಳೇ, ಗಾಡಿಯವಳ ಮಾತನ್ನು ಹುಡುಗಿ ಹಾಗೇ ನಂಬಿಬಿಟ್ಟಳಲ್ಲ. ಅವಳೂ ಆ ಹೊಲಿಯುವವಳೂ ಒಳಗೊಳಗೇ ಒಂದಾಗಿ ಆಡಿದ ಆಟ ಯಾಕಿರಬಾರದು? ಆ ಮನೆಯಲ್ಲಿ ನಿಜವಾಗಿಯೂ ಗಂಜಿಯೇ ಇತ್ತೆಂದು ನೋಡಿದವರು ಯಾರು?"

ಗುರುಗಳು ಕೇಳಿದರು: "ಈಗ ಆ ಬುಟ್ಟಿಯನ್ನು ಬಗ್ಗಿ ನೋಡುತ್ತಿರುವವರು ಯಾರಪ್ಪ?"